ಬೆನ್ನ ಮೇಲೆ ಮನೆ ಹೊತ್ತ ಪಿಕಪ್‌ಗೆ ಯಾವ ಸಸ್ಪೆನ್ಷನ್?

ಪಿಕಪ್‌ನ ಹಿಂಬದಿಗೆ ಕ್ಯಾಂಪರ್ ಏರಿಸಿಕೊಂಡು ಊರೂರು ಸುತ್ತುವ ಹುಚ್ಚು ಮಲೆನಾಡಿಗೂ ಬಂದಿದೆ. ತೋಟದ ಕೆಲಸಕ್ಕೆಂದು ಕೊಂಡ ಬೊಲೆರೊ ಪಿಕಪ್ ಇರಬಹುದು, ಟಾಟಾ ಯೋಧ ಇರಬಹುದು, ಮನೆಯವರ ಓಡಾಟಕ್ಕೆಂದು ಕೊಂಡ ಇಸುಜು ವಿ-ಕ್ರಾಸ್ ಅಥವಾ ಟೊಯೋಟಾ ಹೈಲಕ್ಸ್ ಇರಬಹುದು. ಮಲಗುವ ಹಲಗೆ, ಒಲೆ, ನೀರಿನ ಟ್ಯಾಂಕ್ ಇರುವ ಪೆಟ್ಟಿಗೆಯನ್ನು ಅದರ ಮೇಲೆ ಕೂರಿಸಿದ ಮೊದಲ ವಾರದಲ್ಲೇ ಎರಡು ದೂರುಗಳು ಹುಟ್ಟುತ್ತವೆ. ಒಂದು, ಹಿಂಬದಿ ಕುಸಿದು ಮೂತಿ ಮೇಲೆದ್ದಿದೆ. ಇನ್ನೊಂದು, ತಿರುವಿನಲ್ಲಿ ಗಾಡಿ ವಾಲುತ್ತದೆ. ಗ್ಯಾರೇಜಿಗೆ ಹೋದರೆ ಎರಡಕ್ಕೂ ಒಂದೇ ಮದ್ದು: "ಎರಡು ಪ್ಲೇಟ್ ಏರಿಸಿಬಿಡೋಣ ಸಾರ್." ಪ್ಲೇಟ್ ಎಂದರೆ ಹಿಂದಿನ ಆಕ್ಸಲ್ ಮೇಲೆ, ಅಂದರೆ ಎಡಬಲ ಚಕ್ರಗಳ ನಡುವಿನ ಅಡ್ಡ ಕಂಬದ ಮೇಲೆ, ಗಾಡಿಯ ಭಾರ ಹೊರುವ ಸ್ಪ್ರಿಂಗಿನ ಉಕ್ಕಿನ ಪಟ್ಟಿ.

ಮೇಸ್ತ್ರಿಯ ಮಾತು ಕೆಲವರ ಮಟ್ಟಿಗೆ ಸರಿ. ಆದರೆ ಬಹಳ ಮಂದಿಗೆ ಅದು ದುಡ್ಡು ಕೊಟ್ಟು ಸೊಂಟನೋವು ಕೊಂಡಂತೆ. ಸಸ್ಪೆನ್ಷನ್, ಅಂದರೆ ಚಕ್ರಗಳಿಗೂ ಗಾಡಿಗೂ ನಡುವಿನ ಸ್ಪ್ರಿಂಗ್, ಶಾಕ್‌ಗಳ ವ್ಯವಸ್ಥೆ, ಆರಿಸುವಾಗ ಹೊರೆ ಎಷ್ಟು ಎಂದು ಕೇಳಿದರೆ ಸಾಲದು. ಆ ಹೊರೆ ಸದಾ ಗಾಡಿಯ ಮೇಲೆಯೇ ಇರುತ್ತದೆಯೇ, ಹತ್ತಿ ಇಳಿಯುತ್ತದೆಯೇ ಎಂದು ಮೊದಲು ಕೇಳಬೇಕು. ನಮ್ಮ ಕಡೆ ಈ ಪ್ರಶ್ನೆಗೆ ವಿಶೇಷ ಅರ್ಥವಿದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆಗ ಕ್ಯಾಂಪರ್ ಶೆಡ್ಡಿನೊಳಗೆ ಸ್ಟ್ಯಾಂಡಿನ ಮೇಲೆ ಕುಳಿತಿರುತ್ತದೆ, ಪಿಕಪ್ ಹಣ್ಣಿನ ಚೀಲ ಹೊರುತ್ತಿರುತ್ತದೆ. ಹೂಮಳೆ ಬಿದ್ದು ತೋಟದ ಕೆಲಸ ಒಂದಿಷ್ಟು ಸಡಿಲವಾದ ಮೇಲೆ ಮತ್ತೆ ಕ್ಯಾಂಪರ್ ಏರುತ್ತದೆ. ನಡುವೆ ತಿಂಗಳುಗಟ್ಟಲೆ ಗಾಡಿ ಖಾಲಿಯೇ ಓಡುತ್ತದೆ. ವರ್ಷವಿಡೀ ಒಂದೇ ಹೊರೆ ಹೊರುವ ಗಾಡಿಗೆ ಒಪ್ಪುವ ಸ್ಪ್ರಿಂಗ್ ಇಂಥ ಗಾಡಿಗೆ ಒಪ್ಪುವುದಿಲ್ಲ.

ಒಂದು ಎಚ್ಚರಿಕೆ. ಈ ವಿಷಯದಲ್ಲಿ ಓದಲು ಸಿಗುವ ಬಹುಪಾಲು ಸಲಹೆ ಅಮೆರಿಕದ್ದು. ಅಲ್ಲಿಯವರು ಮಾತನಾಡುವುದು ಫೋರ್ಡ್ ಎಫ್-350, ರ‍್ಯಾಮ್ 3500 ಜಾತಿಯ ಗಾಡಿಗಳ ಬಗ್ಗೆ. ಅವುಗಳ ಮೇಲೆ ಕೂರುವ ಕ್ಯಾಂಪರ್ ಒಂದು ಟನ್ ದಾಟುವುದು ಮಾಮೂಲು. ಅಲ್ಲಿಯೂ ಒಂದು ಗಾಡಿಯ ಉತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ: 2014ರಿಂದ ರ‍್ಯಾಮ್ 2500ರ ಹಿಂಬದಿಗೆ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್ ಬಂದಿತು, ಅದರ ಅಣ್ಣ 3500ರಲ್ಲಿ ಪ್ಲೇಟ್‌ಗಳೇ ಉಳಿದವು. ಹೀಗಾಗಿ "ಅಮೆರಿಕದಲ್ಲಿ ಎಲ್ಲರೂ ಇದನ್ನೇ ಹಾಕಿಸುತ್ತಾರೆ" ಎಂಬ ಮಾತಿಗೆ ಮೂಡಿಗೆರೆಯಲ್ಲಿ ಬೆಲೆಯಿಲ್ಲ. ತತ್ವವನ್ನು ತೆಗೆದುಕೊಳ್ಳೋಣ, ಅಳತೆಯನ್ನು ನಮ್ಮದೇ ಗಾಡಿಯಿಂದ ಹಿಡಿಯೋಣ.

ತೂಕದ ಚೀಟಿ ಮೊದಲು

ಸ್ಪ್ರಿಂಗ್ ಕೊಳ್ಳುವ ಮೊದಲು ಗಾಡಿಯನ್ನು ವೇಬ್ರಿಡ್ಜ್‌ಗೆ ಒಯ್ಯಿರಿ. ಕಾಫಿ, ಮೆಣಸು, ಆಲೂಗಡ್ಡೆ, ಮೆಕ್ಕೆಜೋಳ ತೂಗುವ ಜಿಲ್ಲೆಗಳಲ್ಲಿ ವೇಬ್ರಿಡ್ಜ್‌ಗೆ ಬರವಿಲ್ಲ. ಪ್ರವಾಸಕ್ಕೆ ಹೊರಟಂತೆಯೇ ಹೋಗಬೇಕು: ನೀರು ಭರ್ತಿ, ಡೀಸೆಲ್ ಭರ್ತಿ, ಸಿಲಿಂಡರ್, ಹಾಸಿಗೆ, ಪಾತ್ರೆ, ಜೊತೆಗೆ ಬರುವ ಮಂದಿ ಎಲ್ಲ. ಮುಂದಿನ ಚಕ್ರಗಳನ್ನಷ್ಟೇ ಹಲಗೆಯ ಮೇಲೆ ನಿಲ್ಲಿಸಿ ಒಂದು ತೂಕ, ಇಡೀ ಗಾಡಿಯದು ಇನ್ನೊಂದು, ಹಿಂದಿನ ಚಕ್ರಗಳದು ಮತ್ತೊಂದು. ಮೊದಲನೆಯದೂ ಕೊನೆಯದೂ ಕೂಡಿದರೆ ನಡುವಿನದಕ್ಕೆ ಹತ್ತಿರ ಬರಬೇಕು. ತೀರಾ ಅಂತರವಿದ್ದರೆ ಹಲಗೆಯ ಅಂಚಿನ ನೆಲ ಸಮವಾಗಿಲ್ಲ, ಬೇರೆ ಕಡೆ ತೂಗಿಸಿ. ಚೀಟಿಯಲ್ಲಿ ಸರಕು ಏನೆಂದು ಬರೆಯಬೇಕು ಎಂದು ಕೇಳುತ್ತಾರೆ. "ಮನೆ" ಎಂದರೆ ನಗುತ್ತಾರೆ, ಬರೆದೂ ಕೊಡುತ್ತಾರೆ.

ಈ ಅಂಕಿಗಳನ್ನು ಗಾಡಿಯ ಒಟ್ಟು ಅನುಮತಿಸಿದ ತೂಕದ ಪಕ್ಕದಲ್ಲಿ ಇಟ್ಟು ನೋಡಿ. ನೋಂದಣಿ ಪತ್ರದಲ್ಲಿ, ತಯಾರಕರ ಕೈಪಿಡಿಯಲ್ಲಿ ಅದು ಸಿಗುತ್ತದೆ. ಯೋಧ, ಬೊಲೆರೊ ಪಿಕಪ್‌ನಂಥ ದುಡಿಯುವ ಗಾಡಿಗಳು ಮಾದರಿಗೆ ತಕ್ಕಂತೆ ಒಂದು ಟನ್‌ಗಿಂತ ಹೆಚ್ಚು ಹೊರಲೆಂದೇ ಹುಟ್ಟಿದವು. ಯೋಧದ ದೊಡ್ಡ ಮಾದರಿ 2,000 ಕೆ.ಜಿ.ವರೆಗೆ ಹೊರುತ್ತದೆ. ಹೈಲಕ್ಸ್‌ನಂಥ ಐಷಾರಾಮಿ ಡಬಲ್ ಕ್ಯಾಬ್‌ಗಳದು ಇದಕ್ಕೆ ತದ್ವಿರುದ್ಧ. ನೋಟಕ್ಕೆ ದೈತ್ಯ, ಹೊರುವುದು ಅರ್ಧ ಟನ್‌ನ ಆಸುಪಾಸು, ಅದರಲ್ಲಿ ಒಳಗೆ ಕುಳಿತವರೂ ಸೇರಿದರು. ನಾಲ್ವರು ಹತ್ತಿದರೆ ಅರ್ಧಕ್ಕಿಂತ ಹೆಚ್ಚು ಮುಗಿಯಿತು. ಮನೆಯ ಇನ್ವರ್ಟರ್‌ಗೆ ಇಡುವ 150 ಎಎಚ್ ಟ್ಯೂಬುಲರ್ ಬ್ಯಾಟರಿಯೊಂದೇ 50 ಕೆ.ಜಿ. ದಾಟುತ್ತದೆ, 80 ಲೀಟರ್ ನೀರು 80 ಕೆ.ಜಿ. ತೂಗುತ್ತದೆ. ಇಂಥ ಗಾಡಿಯ ಮೇಲೆ ಪ್ಲೈವುಡ್ಡಿನ ಭಾರೀ ಕ್ಯಾಂಪರ್ ಕಟ್ಟಿಸಿದವರಿಗೆ ಸಸ್ಪೆನ್ಷನ್ ಅಂಗಡಿಯಲ್ಲಿ ಪರಿಹಾರವಿಲ್ಲ, ಬಡಗಿಯ ಬಳಿ ಇದೆ.

ಯಾಕೆಂದರೆ ಯಾವ ಸ್ಪ್ರಿಂಗೂ ಗಾಡಿ ಹೊರಬಲ್ಲ ತೂಕವನ್ನು ಹೆಚ್ಚಿಸುವುದಿಲ್ಲ. ಆ ಮಿತಿಯನ್ನು ಆಕ್ಸಲ್, ಬೇರಿಂಗ್, ಬ್ರೇಕ್, ಚಾಸಿಸ್, ಟೈರ್ ಎಲ್ಲ ಸೇರಿ ನಿರ್ಧರಿಸಿರುತ್ತವೆ. ಸ್ಪ್ರಿಂಗ್ ಗಟ್ಟಿಯಾದರೆ ಹಿಂಬದಿ ಎದ್ದು ನಿಲ್ಲುತ್ತದೆ, ಅಷ್ಟೇ. ಕೆಳಗಿನ ಆಕ್ಸಲ್‌ಗೆ ಒಂದು ಕೆ.ಜಿ.ಯೂ ಕಡಿಮೆಯಾಗುವುದಿಲ್ಲ. "ಹಿಂಬದಿ ಎತ್ತಲು ಗಾಳಿ ತುಂಬುವ ಏರ್ ಬ್ಯಾಗ್ ಹಾಕಿಸಿದ್ದೇನೆ, ಇನ್ನು ಇನ್ನೂರು ಕೆ.ಜಿ. ಹೆಚ್ಚಿಗೆ ಹಾಕಬಹುದು" ಎನ್ನುವವರ ಗಾಡಿಯ ಹಿಂದೆ ಶಿರಾಡಿ ಇಳಿಯಲು ನನಗೆ ಮನಸ್ಸಿಲ್ಲ.

ಭಾರ ಎಲ್ಲಿ ಕೂರುತ್ತದೆ ಎನ್ನುವುದೂ ಅಷ್ಟೇ ಮುಖ್ಯ. ಹೈಲಕ್ಸ್‌ನ ಎರಡು ಆಕ್ಸಲ್‌ಗಳ ನಡುವಿನ ದೂರ 3,085 ಮಿ.ಮೀ. ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದಕ್ಕೆ 100 ಕೆ.ಜಿ. ಇಟ್ಟರೆ ಹಿಂದಿನ ಆಕ್ಸಲ್ ಮೇಲೆ ಸುಮಾರು 132 ಕೆ.ಜಿ. ಬೀಳುತ್ತದೆ. ಹೆಚ್ಚುವರಿ 32 ಕೆ.ಜಿ. ಬಂದದ್ದು ಮುಂದಿನ ಚಕ್ರಗಳಿಂದ. ಮುಂಭಾರ ಇಳಿದ ಗಾಡಿಯ ಸ್ಟೀರಿಂಗ್ ಹಗುರಾಗುತ್ತದೆ. ಜುಲೈನ ಮಳೆಯಲ್ಲಿ ಚಾರ್ಮಾಡಿಯ ತಿರುವಿಗೆ ಅದು ಬೇಡವಾದ ಹಗುರ. ಬ್ಯಾಟರಿಯನ್ನೂ ನೀರಿನ ಟ್ಯಾಂಕನ್ನೂ ಹಿಂದಿನ ಬಾಗಿಲ ಬಳಿಯಿಂದ ಕ್ಯಾಬಿನ್ ಗೋಡೆಯ ಬದಿಗೆ ಸರಿಸುವುದು ಸ್ಪ್ರಿಂಗ್ ಬದಲಿಸುವುದಕ್ಕಿಂತ ಎಷ್ಟೋ ಸಲ ಹೆಚ್ಚು ಫಲ ಕೊಡುತ್ತದೆ, ಖರ್ಚೂ ಇಲ್ಲ.

ಕಾನೂನಿನ ಮಾತನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಅನುಮತಿಸಿದ ತೂಕ ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್‌ಗೆ 2,000 ರೂಪಾಯಿ ದಂಡ. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು 52ನೇ ಸೆಕ್ಷನ್ ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒತ್ತಿ ಹೇಳಿದೆ. ಕ್ಯಾಂಪರನ್ನು ಚಾಸಿಸ್‌ಗೇ ಶಾಶ್ವತವಾಗಿ ಕಟ್ಟಿಸುವವರಿಗೆ ಮೋಟಾರ್ ಕ್ಯಾರವಾನ್‌ಗಳ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಮೊದಲೇ ಕೇಳಿ, ಬರಹದಲ್ಲಿ ಪಡೆದುಕೊಳ್ಳಿ. ಗಾಡಿ ಓಡುವಾಗ ಕ್ಯಾಂಪರಿನೊಳಗೆ ಯಾರನ್ನೂ ಕೂರಿಸಬೇಡಿ.

ಟೈರ್ ಮತ್ತು ಶಾಕ್: ಎಲ್ಲರೂ ದಾಟಿಹೋಗುವ ಮೆಟ್ಟಿಲು

ವಾಲಾಟದ ಒಂದು ದೊಡ್ಡ ಪಾಲು ಟೈರಿನ ಗೋಡೆಯಲ್ಲಿರುತ್ತದೆ. ಟೈರಿನ ಮೇಲೆ ಅಳತೆಯ ಪಕ್ಕದಲ್ಲಿರುವ ಅಂಕಿಯನ್ನು ನೋಡಿ: 110 ಎಂದಿದ್ದರೆ ಆ ಟೈರ್ 1,060 ಕೆ.ಜಿ. ಹೊರಬಲ್ಲದು, 116 ಆದರೆ 1,250, 121 ಆದರೆ 1,450. ವೇಬ್ರಿಡ್ಜ್‌ನ ಹಿಂದಿನ ಆಕ್ಸಲ್ ತೂಕವನ್ನು ಎರಡರಿಂದ ಭಾಗಿಸಿ ಇದರೊಂದಿಗೆ ಹೋಲಿಸಿ. ಸಾಕಷ್ಟು ಅಂತರ ಉಳಿದಿರಲಿ. ಮೃದು ಗೋಡೆಯ ಕಾರ್ ಜಾತಿಯ ಟೈರ್ ಇದ್ದರೆ ಲೈಟ್ ಟ್ರಕ್ ಜಾತಿಯ ಗಟ್ಟಿ ಗೋಡೆಯದು ಹಾಕಿಸಿ, ಹೊರೆಗೆ ತಕ್ಕ ಗಾಳಿ ತುಂಬಿಸಿ. ವಾಲಾಟ ಎಷ್ಟು ಉಳಿಯಿತು ಎಂದು ಆಮೇಲೆ ನೋಡೋಣ. ಖಾಲಿ ಗಾಡಿಯ ಒತ್ತಡದಲ್ಲೇ ಕ್ಯಾಂಪರ್ ಹೊತ್ತು ಓಡುವವರು ಎಷ್ಟು ಮಂದಿ ಎಂದು ಪಂಕ್ಚರ್ ಅಂಗಡಿಯವರನ್ನು ಕೇಳಿ.

ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ. ಕುಸಿದ ಹಿಂಬದಿಯನ್ನು ಎತ್ತಲು ಹೊಸ ಶಾಕ್ ಹಾಕಿಸುವುದು ಹಣದ ಪೋಲು. ಅದರ ಕೆಲಸ, ಹಂಪ್ ದಾಟಿದ ಮೇಲೆ ಸ್ಪ್ರಿಂಗ್ ಮತ್ತೆ ಮತ್ತೆ ಕುಣಿಯದಂತೆ ಹಿಡಿಯುವುದು. ಭಾರ ಹೆಚ್ಚಿದಷ್ಟೂ, ಸ್ಪ್ರಿಂಗ್ ಗಟ್ಟಿಯಾದಷ್ಟೂ ಹಿಡಿಯುವ ಶಕ್ತಿ ಹೆಚ್ಚು ಬೇಕು. ಹಾಗಾಗಿ ಸ್ಪ್ರಿಂಗ್ ಬದಲಿಸಿ ಹಳೆಯ ಶಾಕ್ ಉಳಿಸಿಕೊಂಡರೆ ಕೆಲಸ ಅರ್ಧವೇ ಆಗುತ್ತದೆ. ಕಳಸ, ಹೊರನಾಡು ಕಡೆಯ ಮುರುಕು ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದರೆ ಶಾಕ್‌ನ ಎಣ್ಣೆ ಕಾದು, ನೊರೆಯೆದ್ದು, ಹಿಡಿತ ಸೋಲುತ್ತದೆ. ಗ್ಯಾಸ್ ಒತ್ತಡದ ಮಾನೋಟ್ಯೂಬ್ ಶಾಕ್‌ಗಳಲ್ಲಿ ಎಣ್ಣೆಯೂ ಗ್ಯಾಸೂ ಬೇರೆಬೇರೆ ಕೋಣೆಗಳಲ್ಲಿರುವುದರಿಂದ ಈ ತೊಂದರೆ ಕಡಿಮೆ. ಜರ್ಮನಿಯ ಬಿಲ್‌ಸ್ಟೈನ್ ಹೆಸರು ಮಾಡಿದ್ದು ಇವುಗಳಿಂದಲೇ. ಆದರೆ ಅವುಗಳ ಹೊರಕೊಳವೆಗೆ ಕಲ್ಲು ಬಡಿದು ತಗ್ಗು ಬಿದ್ದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ತೋಟದ ಒಳದಾರಿಯಲ್ಲೇ ಹೆಚ್ಚು ಓಡುವವರಿಗೆ ಒಂದರೊಳಗೊಂದು ಎರಡು ಕೊಳವೆಗಳಿರುವ ಒಳ್ಳೆಯ ದಪ್ಪ ಟ್ವಿನ್‌ಟ್ಯೂಬ್ ಶಾಕ್ ಸಾಕು ಎಂದೇ ನನ್ನ ಅಭಿಪ್ರಾಯ.

ಪ್ಲೇಟ್‌ಗಳು

ನಮ್ಮ ಪಿಕಪ್‌ಗಳ ಹಿಂಬದಿಯಲ್ಲಿ ಇರುವುದು ಲೀಫ್ ಸ್ಪ್ರಿಂಗ್. ಗಾಡಿಯ ಕೆಳಗೆ ಟಾರ್ಚ್ ಹಿಡಿದು ನೋಡಿ. ಎರಡೂ ತುದಿ ಉಂಗುರದಂತೆ ಸುತ್ತಿ ಕಣ್ಣಾಗಿರುವ ಮೈನ್ ಪ್ಲೇಟ್, ಅದರಡಿ ಗಿಡ್ಡವಾಗುತ್ತ ಹೋಗುವ ಪ್ಲೇಟ್‌ಗಳು, ಎಲ್ಲಕ್ಕಿಂತ ಕೆಳಗೆ ಬಹುತೇಕ ನೇರವಾಗಿರುವ ದಪ್ಪನೆಯ ಹೆಲ್ಪರ್ ಪ್ಲೇಟ್. ಖಾಲಿ ಗಾಡಿಯಲ್ಲಿ ಹೆಲ್ಪರ್‌ಗೂ ಮೇಲಿನ ಪ್ಲೇಟಿಗೂ ನಡುವೆ ಬೆರಳು ತೂರುವಷ್ಟು ಜಾಗ ಕಾಣುತ್ತದೆ. ಕ್ಯಾಂಪರ್ ಏರಿಸಿದ ಮೇಲೆ ಮತ್ತೆ ನೋಡಿ. ಆ ಜಾಗ ಮುಚ್ಚಿದ್ದರೆ ಹೆಲ್ಪರ್ ಕೆಲಸಕ್ಕಿಳಿದಿದೆ. ಇನ್ನೂ ಕೊಂಚ ತೆರೆದೇ ಇದ್ದರೆ ಗಾಡಿ ಎರಡರ ನಡುವೆ ತೂಗಾಡುತ್ತಿದೆ: ನೇರ ರಸ್ತೆಯಲ್ಲಿ ಮೃದು ಪ್ಲೇಟ್‌ಗಳು, ತಿರುವಿನಲ್ಲಿ ಹೊರಬದಿ ಅದುಮಿದಾಗ ತಟ್ಟನೆ ಹೆಲ್ಪರ್. ವಾಲಾಟದ ಗುಟ್ಟು ಎಷ್ಟೋ ಸಲ ಇಲ್ಲಿಯೇ ಇರುತ್ತದೆ. ಇದಕ್ಕೆ ಹೊಸ ಸ್ಪ್ರಿಂಗ್ ಬೇಡ. ಆ ಜಾಗದಲ್ಲಿ ಗಟ್ಟಿ ರಬ್ಬರ್ ಅಥವಾ ಪಾಲಿಯುರೆಥೇನ್ ತುಂಡು ಕೂರಿಸಿದರೆ ಹೆಲ್ಪರ್ ಮೊದಲಿನಿಂದಲೇ ಕೈಜೋಡಿಸುತ್ತದೆ. ಅಮೆರಿಕದವರು ಇದಕ್ಕೆಂದೇ ಸಿದ್ಧ ಕಿಟ್ ಮಾರುತ್ತಾರೆ. ಇಲ್ಲಿ ಪ್ಲೇಟ್ ಕಟ್ಟುವ ಅನುಭವಸ್ಥ ಮೇಸ್ತ್ರಿ ಅಳತೆಗೆ ಮಾಡಿ, ಜಾರಿ ಬೀಳದಂತೆ ಬೋಲ್ಟ್ ಹಾಕಿ ಕೊಡಬಲ್ಲ. ಕ್ಯಾಂಪರ್ ಇಳಿಸಿದಾಗ ತುಂಡನ್ನೂ ತೆಗೆದಿಡಬಹುದು. ಇಷ್ಟು ಅಗ್ಗದ, ಇಷ್ಟು ಕಡೆಗಣಿಸಲ್ಪಟ್ಟ ಉಪಾಯ ಇನ್ನೊಂದಿಲ್ಲ.

ಇನ್ನು ಮೇಸ್ತ್ರಿ ಹೇಳುವ ಹೆಚ್ಚುವರಿ ಪ್ಲೇಟ್. ಇದರ ಗಣಿತ ತಿಳಿದಿರಲಿ. ಪ್ಲೇಟಿನ ಗಡಸು ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಒಂದೇ ಉದ್ದ, ಒಂದೇ ಅಗಲ ಇದ್ದರೂ 8 ಮಿ.ಮೀ. ಪ್ಲೇಟಿಗಿಂತ 10 ಮಿ.ಮೀ. ಪ್ಲೇಟ್ ಹೆಚ್ಚುಕಡಿಮೆ ಎರಡು ಪಟ್ಟು ಗಡಸು. ಆದ್ದರಿಂದ "ಒಂದು ಪ್ಲೇಟ್" ಎಂದರೆ ಏನೂ ಹೇಳಿದಂತಾಗಲಿಲ್ಲ. ಎಷ್ಟು ದಪ್ಪ, ಎಷ್ಟು ಉದ್ದ ಎಂದು ಕೇಳಿ. ಉದ್ದದ ಪ್ಲೇಟ್ ಭಾರವನ್ನು ಇಡೀ ಕಟ್ಟಿಗೆ ಹಂಚುತ್ತದೆ. ಗಿಡ್ಡ, ದಪ್ಪ ಪ್ಲೇಟ್ ತನ್ನ ತುದಿ ಮುಗಿಯುವ ಜಾಗದಲ್ಲಿ ಮೇಲಿನ ಪ್ಲೇಟಿಗೆ ಒತ್ತುಕೊಡುತ್ತದೆ, ಆ ಜಾಗದಲ್ಲೇ ಮುಂದೊಂದು ದಿನ ಬಿರುಕು ಕಾಣುತ್ತದೆ. ಪ್ಯಾರಾಬೋಲಿಕ್ ಸ್ಪ್ರಿಂಗ್ ಇರುವ ಗಾಡಿಗಳಲ್ಲಿ, ಅಂದರೆ ನಡುವೆ ದಪ್ಪವಾಗಿ ತುದಿಗೆ ತೆಳುವಾಗುವ ಎರಡು ಮೂರೇ ಪ್ಲೇಟ್‌ಗಳು ಒಂದಕ್ಕೊಂದು ತಾಗದಂತೆ ಕೂರುವಲ್ಲಿ, ಸಾಧಾರಣ ಪ್ಲೇಟ್ ತುರುಕಿಸಲೇಬಾರದು.

ಪ್ಲೇಟ್ ಸೇರಿಸಿದರೆ ಅದು ವರ್ಷದ ಎಲ್ಲ ದಿನವೂ ಅಲ್ಲಿಯೇ ಇರುತ್ತದೆ. ಕ್ಯಾಂಪರ್ ಇಳಿಸಿ ಖಾಲಿ ಗಾಡಿಯಲ್ಲಿ ಆಲ್ದೂರಿನಿಂದ ಪೇಟೆಗೆ ಬರುವಾಗ ಪ್ರತಿ ಹಂಪೂ ಬೆನ್ನುಮೂಳೆಗೆ ಲೆಕ್ಕ ಒಪ್ಪಿಸುತ್ತದೆ. ಖಾಲಿ ಹಿಂಬದಿ ಎಗರಾಡಿದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಟೈರ್ ಹಿಡಿತ ಬಿಡುತ್ತದೆ. ಆದ್ದರಿಂದ ಹತ್ತಿ ಇಳಿಯುವ ಹೊರೆಗೆ ಇದು ಬೇಡ. ಕ್ಯಾಂಪರ್ ಖಾಯಂ ಆಗಿದ್ದರೆ ಮಾತ್ರ ಇದೇ ಸರಳ, ಇದೇ ಗಟ್ಟಿ, ರಿಪೇರಿಗೆ ಯಾವ ಊರಿನಲ್ಲಾದರೂ ಕೈ ಸಿಗುತ್ತದೆ.

ಕುಸಿದ ಹಳೆಯ ಪ್ಲೇಟ್‌ಗಳನ್ನೇ ಬಡಿದು ಕಮಾನು ಏರಿಸಿ ಕೊಡುವವರೂ ಇದ್ದಾರೆ. ಯಂತ್ರದಲ್ಲಿ ತಣ್ಣಗೆ ಬಗ್ಗಿಸಿದರೆ ಸ್ವಲ್ಪ ಕಾಲ ನಿಲ್ಲುತ್ತದೆ. ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವುದನ್ನು ಕಂಡರೆ ಗಾಡಿ ತೆಗೆದುಕೊಂಡು ಹೊರಡಿ. ಉಕ್ಕಿನ ಹದ ಕೆಟ್ಟ ಪ್ಲೇಟ್ ಯಾವಾಗ ಮುರಿಯುತ್ತದೆಂದು ಯಾರೂ ಹೇಳಲಾರರು.

ವಿ-ಕ್ರಾಸ್, ಹೈಲಕ್ಸ್ ಉಳ್ಳವರಿಗೆ ಇಡೀ ಕಟ್ಟನ್ನೇ ಬದಲಿಸುವ ದಾರಿಯಿದೆ. ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್‌ನಂಥ ಆಸ್ಟ್ರೇಲಿಯಾದ ಕಂಪನಿಗಳು ಇವೇ ಗಾಡಿಗಳಿಗೆ ಸದಾ ಇರುವ ಹೊರೆಯ ಲೆಕ್ಕದಲ್ಲಿ ಬೇರೆಬೇರೆ ಗಡಸಿನ ಕಟ್ಟುಗಳನ್ನು ಮಾಡುತ್ತವೆ. ಇಲ್ಲಿ ವೇಬ್ರಿಡ್ಜ್ ಚೀಟಿ ಕೆಲಸಕ್ಕೆ ಬರುತ್ತದೆ. ಖಾಲಿ ಗಾಡಿಯ ಹಿಂದಿನ ಆಕ್ಸಲ್ ತೂಕವನ್ನು ಕ್ಯಾಂಪರ್ ಹೊತ್ತ ತೂಕದಿಂದ ಕಳೆದರೆ ಬರುವ ಅಂಕಿಗೆ ಯಾವ ಕಟ್ಟು ಎಂದು ನೋಡಿ. "ಇರಲಿ" ಎಂದು ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳುವುದು ನಮ್ಮವರ ಹಳೆಯ ಚಾಳಿ. ಸ್ಪ್ರಿಂಗ್ ವಿಷಯದಲ್ಲಿ ಅದು ಕೆಡುಕು: ಭಾರ ಸಾಲದೆ ಪ್ಲೇಟ್ ಬಗ್ಗುವುದೇ ಇಲ್ಲ, ರಸ್ತೆಯ ಏಟೆಲ್ಲ ಕ್ಯಾಂಪರಿನ ಕೀಲುಗಳಿಗೆ ಹೋಗುತ್ತದೆ.

ಗಾಳಿ ತುಂಬುವ ಬ್ಯಾಗ್

ಏರ್ ಬ್ಯಾಗ್ ಎಂದರೆ ಅಪಘಾತದಲ್ಲಿ ತೆರೆದುಕೊಳ್ಳುವುದಲ್ಲ. ಆಕ್ಸಲ್‌ಗೂ ಚಾಸಿಸ್‌ಗೂ ನಡುವೆ ಕೂರುವ ದಪ್ಪ ರಬ್ಬರಿನ ಗಾಳಿಚೀಲ. ಏರ್ ಲಿಫ್ಟ್, ಫೈರ್‌ಸ್ಟೋನ್ ಈ ಬಗೆಯ ಹೆಸರಾಂತ ತಯಾರಕರು. ಮೂಲ ಪ್ಲೇಟ್‌ಗಳು ಹಾಗೆಯೇ ಉಳಿಯುತ್ತವೆ, ಚೀಲ ಅವಕ್ಕೆ ಹೆಗಲು ಕೊಡುತ್ತದೆ. ಹೊರೆ ಇದ್ದಾಗ ಗಾಳಿ ಏರಿಸಿ, ಇಲ್ಲದಾಗ ಇಳಿಸಿ. ಅದರ ವಾಲ್ವ್ ಟೈರಿನದೇ ಆದ್ದರಿಂದ ಯಾವ ಪಂಕ್ಚರ್ ಅಂಗಡಿಯಲ್ಲೂ ತುಂಬಿಸಬಹುದು. ಹತ್ತಿ ಇಳಿಯುವ ಹೊರೆಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ಇಲ್ಲ. ಅಡುಗೆಕಟ್ಟೆ, ನೀರು ಎಲ್ಲ ಎಡಬದಿಗೇ ಬಂದಿದ್ದರೆ ಎಡ ಚೀಲಕ್ಕೆ ಒಂದಿಷ್ಟು ಹೆಚ್ಚು ಗಾಳಿ ಕೊಟ್ಟು ಗಾಡಿಯನ್ನು ನೇರ ನಿಲ್ಲಿಸಬಹುದು.

ಆದರೆ ಕೊಳವೆಗಳು ಬೇರೆಬೇರೆ ಇರಲೇಬೇಕು. ಖರ್ಚು ಉಳಿಸಲು ಎರಡೂ ಚೀಲಗಳನ್ನು ಒಂದೇ ಕೊಳವೆಗೆ ಜೋಡಿಸಿ ಒಂದೇ ವಾಲ್ವ್ ಕೊಡುವವರಿದ್ದಾರೆ. ಬಲಕ್ಕೆ ತಿರುಗುವಾಗ ಭಾರ ಎಡ ಚೀಲವನ್ನು ಅದುಮುತ್ತದೆ, ಅದರ ಗಾಳಿ ಬಲ ಚೀಲಕ್ಕೆ ಓಡುತ್ತದೆ, ಎಡ ಇನ್ನಷ್ಟು ಕುಸಿಯುತ್ತದೆ, ಬಲ ಇನ್ನಷ್ಟು ಏಳುತ್ತದೆ. ವಾಲಾಟ ಕಳೆಯಲು ಹಾಕಿಸಿದ್ದು ವಾಲಾಟವನ್ನೇ ಬೆಳೆಸುತ್ತದೆ. ಒಂದರ ಹಿಂದೊಂದು ತಿರುವುಗಳಿರುವ ಚಾರ್ಮಾಡಿಗೆ ಅಂಥ ಗಾಡಿಯನ್ನು ಇಳಿಸಬಾರದು.

ಚೀಲವನ್ನು ಪೂರ್ತಿ ಖಾಲಿ ಬಿಡಲೂಬಾರದು. ಕಿಟ್ ಹೇಳುವ ಕನಿಷ್ಠ ಒತ್ತಡ, ಸಾಮಾನ್ಯವಾಗಿ 5 ಪಿಎಸ್‌ಐ, ಸದಾ ಇರಬೇಕು. ಇಲ್ಲವಾದರೆ ರಬ್ಬರ್ ಮಡಚಿಕೊಂಡು ತಾನೇ ತನ್ನನ್ನು ಉಜ್ಜಿಕೊಂಡು ಹರಿಯುತ್ತದೆ. ನಮ್ಮ ಕೆಂಪು ಕೆಸರು ಒಣಗಿ ಚೀಲದ ಮಡಿಕೆಯಲ್ಲಿ ಕುಳಿತರೆ ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ತೋಟದಿಂದ ಬಂದ ಗಾಡಿಗೆ ಅಡಿಯಿಂದ ನೀರು ಹೊಡೆಯುವ ಅಭ್ಯಾಸ ಇಲ್ಲದವರು ಚೀಲದ ಆಸೆ ಬಿಡುವುದು ಒಳ್ಳೆಯದು. ಸೈಲೆನ್ಸರ್ ಪೈಪ್ ಹತ್ತಿರ ಹಾದುಹೋಗುತ್ತಿದ್ದರೆ ಶಾಖ ತಡೆಯುವ ತಗಡು ಬೇಕೇ ಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಬೀಳದ್ದು. ಪ್ಲೇಟ್ ತನ್ನ ಮೇಲಿನ ಭಾರವನ್ನು ಚಾಸಿಸ್‌ನ ಎರಡು ಕಡೆ, ಮುಂದಿನ ತುದಿ ಕೂರುವ ಹ್ಯಾಂಗರ್ ಮತ್ತು ಹಿಂದಿನ ತುದಿ ತೂಗುವ ಶ್ಯಾಕಲ್‌ನಲ್ಲಿ, ಹಂಚುತ್ತದೆ. ಗಾಳಿಚೀಲ ಆಕ್ಸಲ್‌ನ ನೇರ ಮೇಲೆ ಒಂದೇ ಜಾಗದಲ್ಲಿ ಚಾಸಿಸನ್ನು ಮೇಲಕ್ಕೆ ಒತ್ತುತ್ತದೆ. ಹಿಂದೆ ಚಾಚಿದ ಕ್ಯಾಂಪರ್ ಅದನ್ನೇ ಕೆಳಕ್ಕೆ ಎಳೆಯುತ್ತದೆ. ವೇಗದಲ್ಲಿ ಒಂದು ಗುಂಡಿ ಸಿಕ್ಕರೆ ಕ್ಯಾಬಿನ್ ಹಿಂದೆ ಚಾಸಿಸ್ ಬಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಡಬಲ್ ಕ್ಯಾಬ್ ಪಿಕಪ್‌ಗಳು ಹೀಗೆ ಬಾಗಿದ ಉದಾಹರಣೆಗಳು ಬೇಕಾದಷ್ಟಿವೆ. ಚೀಲ ಮಟ್ಟ ಸರಿಪಡಿಸುವ ಸಾಧನ. ಅತಿಭಾರವನ್ನು ಮುಚ್ಚಿಡುವ ಪರದೆಯಾಗಿ ಅದನ್ನು ಬಳಸಿದವರಿಗೇ ಈ ಗತಿ ಬಂದದ್ದು.

ರಬ್ಬರ್ ಸ್ಪ್ರಿಂಗ್ ಮತ್ತು ಆಂಟಿ-ರೋಲ್ ಬಾರ್

ಗಾಳಿಯ ರಗಳೆ ಬೇಡ ಎನ್ನುವವರಿಗೆ ಟಿಂಬ್ರೆನ್ ಮಾದರಿಯ ಟೊಳ್ಳು ರಬ್ಬರ್ ಸ್ಪ್ರಿಂಗ್ ಇದೆ. ಆಕ್ಸಲ್ ಚಾಸಿಸ್‌ಗೆ ಬಡಿಯದಂತೆ ಕಾರ್ಖಾನೆಯಲ್ಲೇ ಕೂರಿಸಿದ ಬಂಪ್ ಸ್ಟಾಪ್ ತೆಗೆದು ಅದೇ ಜಾಗದಲ್ಲಿ ಕೂರಿಸುವುದು. ಖಾಲಿ ಗಾಡಿಯಲ್ಲಿ ಆಕ್ಸಲ್‌ಗೂ ಇದಕ್ಕೂ ನಡುವೆ ಅಂತರವಿರುವುದರಿಂದ ಓಟ ಮೊದಲಿನಂತೆಯೇ ಇರುತ್ತದೆ. ಭಾರ ಬಿದ್ದಾಗ ತಾಗಿ, ಅದುಮಿದಷ್ಟೂ ಗಡಸಾಗುತ್ತದೆ. ಒತ್ತಡ ನೋಡುವ ಕೆಲಸವಿಲ್ಲ, ಸೋರುವುದಿಲ್ಲ. ಬಲಕ್ಕೂ ಎಡಕ್ಕೂ ಬೇರೆ ಹೊಂದಿಕೆ ಮಾಡಲಾಗದು ಎನ್ನುವುದೊಂದೇ ಕೊರತೆ. ನಮ್ಮ ಗಾಡಿಗಳ ಅಳತೆಗೆ ಸಿಗುವುದೂ ಕಷ್ಟ. ಸಿಕ್ಕರೆ ತೋಟದ ಗಾಡಿಗೆ ನಾನು ಗಾಳಿಚೀಲಕ್ಕಿಂತ ಮೊದಲು ಇದನ್ನೇ ಆರಿಸುತ್ತೇನೆ.

ಆಂಟಿ-ರೋಲ್ ಬಾರ್ ಹೊರೆ ಎತ್ತುವುದಿಲ್ಲ, ಎಡಬಲ ಚಕ್ರಗಳನ್ನು ತಿರುಚುವ ಕಂಬಿಯಿಂದ ಜೋಡಿಸಿ ವಾಲುವುದನ್ನು ತಡೆಯುತ್ತದೆ. ಬಹುತೇಕ ಪಿಕಪ್‌ಗಳ ಹಿಂಬದಿಯಲ್ಲಿ ಇದು ಇರುವುದಿಲ್ಲ. ಎತ್ತರದ ಕ್ಯಾಂಪರ್ ಹೊತ್ತು ಹೆದ್ದಾರಿಯಲ್ಲೇ ಹೆಚ್ಚು ಓಡುವವರಿಗೆ, ಪಕ್ಕದಲ್ಲಿ ಬಸ್ ರಭಸದಿಂದ ಹಾದುಹೋದಾಗ ಗಾಡಿ ತುಯ್ಯುವುದು ಇದರಿಂದ ಗಣನೀಯವಾಗಿ ಇಳಿಯುತ್ತದೆ. ಬಿಸಿಲೆ ಕಡೆಯ ಕೊರಕಲು ದಾರಿಯಲ್ಲಿ ಮಾತ್ರ ಇದೇ ತೊಡಕು: ಒಂದು ಚಕ್ರ ಗುಂಡಿಗಿಳಿಯಬೇಕಾದಾಗ ಬಾರ್ ಬಿಡುವುದಿಲ್ಲ, ಇನ್ನೊಂದು ಚಕ್ರ ಹಗುರಾಗಿ ಸುಮ್ಮನೆ ತಿರುಗುತ್ತದೆ. ಕೊಂಡಿ ಕಳಚಲು ಬರುವ ಬಗೆಯದಾದರೆ ಒಳ್ಳೆಯದು.

ಯಾರಿಗೆ ಯಾವುದು

ವಿ-ಕ್ರಾಸ್ ಅಥವಾ ಹೈಲಕ್ಸ್ ಮೇಲೆ ಇಳಿಸಬಹುದಾದ ಹಗುರ ಕ್ಯಾಂಪರ್ ಇದ್ದು, ಉಳಿದ ದಿನ ಗಾಡಿ ಮನೆಯವರ ಓಡಾಟಕ್ಕಿದ್ದರೆ: ಟೈರ್, ಶಾಕ್, ಆಮೇಲೂ ಕುಸಿತ ಉಳಿದರೆ ಬೇರೆಬೇರೆ ಕೊಳವೆಯ ಗಾಳಿಚೀಲ ಅಥವಾ ರಬ್ಬರ್. ಅದೇ ಗಾಡಿಯ ಮೇಲೆ ಮುಚ್ಚಳ, ಡ್ರಾಯರ್, ಚಾವಣಿಯ ಟೆಂಟ್ ಖಾಯಂ ಆಗಿ ಕುಳಿತಿದ್ದರೆ: ಆ ತೂಕಕ್ಕೇ ಮಾಡಿದ ಪೂರ್ತಿ ಪ್ಲೇಟ್ ಕಟ್ಟು ಮತ್ತು ಅದಕ್ಕೆ ಜೋಡಿಯಾದ ಶಾಕ್. ಇದರಲ್ಲಿ ಎರಡನೆಯ ಮಾತಿಲ್ಲ.

ಬೊಲೆರೊ ಪಿಕಪ್, ಯೋಧ ಇಟ್ಟುಕೊಂಡವರಿಗೆ ನನ್ನ ಸಲಹೆ ಅನೇಕರಿಗೆ ರುಚಿಸಲಿಕ್ಕಿಲ್ಲ: ಸ್ಪ್ರಿಂಗ್ ಮುಟ್ಟಬೇಡಿ. ಟನ್‌ಗಟ್ಟಲೆ ಹೊರಲು ಕಟ್ಟಿದ ಪ್ಲೇಟ್‌ಗಳಿಗೆ ಐನೂರು ಕೆ.ಜಿ. ಕ್ಯಾಂಪರ್ ಒಂದು ಹೊರೆಯೇ ಅಲ್ಲ. ಇಲ್ಲಿಯ ತೊಂದರೆ ಕುಸಿತವಲ್ಲ, ಏಟು. ಗಡಸು ಪ್ಲೇಟ್‌ಗಳ ಕುಲುಕಾಟಕ್ಕೆ ಕ್ಯಾಂಪರಿನ ಸ್ಕ್ರೂಗಳು ಕಳಚುತ್ತವೆ, ಗಾಜು ಬಿರಿಯುತ್ತದೆ, ಗ್ಯಾಸ್ ಕೊಳವೆಯ ಕೀಲು ಸಡಿಲವಾಗುತ್ತದೆ. ಒಳ್ಳೆಯ ಶಾಕ್, ನಿಜವಾದ ತೂಕಕ್ಕೆ ತಕ್ಕ ಗಾಳಿ, ಪ್ಲೇಟ್‌ಗಳ ನಡುವಿನ ತುಕ್ಕು ತೆಗೆಸಿ ಗ್ರೀಸ್, ಸವೆದ ಶ್ಯಾಕಲ್ ಬುಷ್‌ಗಳ ಬದಲು ಹೊಸವು, ಎತ್ತರದ ಕ್ಯಾಂಪರ್ ಆದರೆ ಆಂಟಿ-ರೋಲ್ ಬಾರ್. ಮೆತ್ತಗಾಗಲೆಂದು ಪ್ಲೇಟ್ ಕೀಳಿಸುವವರಿದ್ದಾರೆ; ಕೊಯ್ಲಿನಲ್ಲಿ ಅದೇ ಗಾಡಿಗೆ ಚೀಲ ಹೇರುವುದನ್ನು ಮರೆತಿರುತ್ತಾರೆ.

ಹಾಕಿಸಿದ ಮೇಲೆ

ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಸ್‌ಗೆ ಸಣ್ಣದೊಂದು ಸರಳು ಹೋಗಿ ಬ್ರೇಕ್ ವಾಲ್ವ್‌ಗೆ ಸೇರುತ್ತದೆ. ಹಿಂಬದಿ ಎಷ್ಟು ತಗ್ಗಿದೆ ಎಂಬುದರಿಂದ ಹೊರೆಯನ್ನು ಅಂದಾಜಿಸಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಎಂದು ಆ ವಾಲ್ವ್ ನಿರ್ಧರಿಸುತ್ತದೆ. ಸ್ಪ್ರಿಂಗ್‌ನಿಂದಲೋ ಗಾಳಿಚೀಲದಿಂದಲೋ ನೀವು ಹಿಂಬದಿಯನ್ನು ಎತ್ತಿದಿರಿ. ಗಾಡಿ ಖಾಲಿಯಿದೆ ಎಂದು ವಾಲ್ವ್ ಭಾವಿಸಿತು. ಹೊರೆ ತುಂಬಿರುವಾಗಲೇ ಹಿಂದಿನ ಬ್ರೇಕ್ ಸೊರಗಿತು. ಮುಂದಿನ ಬ್ರೇಕ್ ಒಂದೇ ಎಲ್ಲವನ್ನೂ ಹಿಡಿಯುತ್ತ ಘಟ್ಟದ ಬುಡ ಸೇರುವ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ. ಕೆಲಸ ಮುಗಿದ ದಿನವೇ ಆ ಸರಳನ್ನು ಕೈಪಿಡಿಯ ಅಳತೆಗೆ ಹೊಂದಿಸಲು ಹೇಳಿ. "ಅದೇನೂ ಆಗುವುದಿಲ್ಲ ಸಾರ್" ಎಂದರೆ ಕಂಪನಿಯ ಸರ್ವೀಸ್ ಸೆಂಟರಿಗೆ ಒಯ್ಯಿರಿ.

ಹೆಡ್‌ಲೈಟ್ ಮಟ್ಟ ಮತ್ತೆ ಸರಿಪಡಿಸಬೇಕು, ಎದುರಿನ ಚಾಲಕನ ಕಣ್ಣು ನಿಮಗೆ ಋಣಿ. ಹಿಂಬದಿ ಹೆಚ್ಚು ಎದ್ದಿದ್ದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಬದಲಾಗಿ ಹೊರಡುವಾಗ ನಡುಕ ಬರಬಹುದು. ಬಂದರೆ ಆಕ್ಸಲ್ ಕೆಳಗೆ ಓರೆ ತುಂಡು ಕೊಟ್ಟು ಸರಿಮಾಡುತ್ತಾರೆ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಳ್ಳಿ, ಮುಂದೆ ಯಾವ ಬದಿ ಕುಸಿಯುತ್ತಿದೆ ಎಂದು ಆಗ ಮಾತ್ರ ತಿಳಿಯುತ್ತದೆ.

ಪ್ಲೇಟ್‌ಗಳನ್ನು ಆಕ್ಸಲ್‌ಗೆ ಬಿಗಿದು ಹಿಡಿಯುವ ಯು ಬೋಲ್ಟ್‌ಗಳನ್ನು ಬಿಚ್ಚಿದರೆ ಹಳೆಯವನ್ನು ಮತ್ತೆ ಹಾಕಿಸಬೇಡಿ. ಬಿಗಿದಾಗ ಹಿಗ್ಗಿದ ಎಳೆ ಎರಡನೆಯ ಸಲ ಅದೇ ಬಿಗಿಯನ್ನು ಹಿಡಿಯುವುದಿಲ್ಲ, ಬಿಗಿ ಸಡಿಲಾದರೆ ಪ್ಲೇಟ್‌ಗಳನ್ನು ನಡುವೆ ಪೋಣಿಸಿರುವ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಹಿಂದೆಮುಂದೆ ಸರಿಯುತ್ತದೆ. ಹೊಸವನ್ನು ಗಾಡಿ ಚಕ್ರಗಳ ಮೇಲೆ ನಿಂತಿರುವಾಗ, ಟಾರ್ಕ್ ರೆಂಚ್ ಹಿಡಿದು, ನಾಲ್ಕು ನಟ್‌ಗಳನ್ನೂ ಅಡ್ಡಡ್ಡಲಾಗಿ ಸರದಿಯಲ್ಲಿ ಬಿಗಿಸಬೇಕು. ನಟ್ಟಿನಿಂದ ಪ್ಲೇಟಿನವರೆಗೆ ಬಿಳಿ ಪೇಂಟಿನ ಗೆರೆ ಎಳೆಸಿ. ಐನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಸುವುದು ಆ ಕೂಲಿಯಲ್ಲೇ ಸೇರಿದೆ ಎಂದು ಹಣ ಕೊಡುವ ಮೊದಲೇ ಮೇಸ್ತ್ರಿಯ ಬಾಯಲ್ಲಿ ಹೇಳಿಸಿಕೊಳ್ಳಿ.